ಮೂರು ದಿನದ ತಡೆ

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಇಳಿಯುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಈ ಹೆಂಗಸು ಯಾಕೆ ಹೀಗೆ ಹಾರಾಡುತ್ತಾಳೆ ಎಂದು ಯಾರೂ ಕೇಳಬಾರದು. ಹನ್ನೊಂದೂವರೆ ವರ್ಷ ಒಂದೇ ಮೇಜಿನ ಮುಂದೆ ಕೂತು, ಇಂಗ್ಲಿಷಿನ ಒಂದೊಂದು ಪದಕ್ಕೂ ಒಂದೊಂದು ಕಾರ್ಡು ಬರೆದು, ಇದು ನಮ್ಮ ಭಾಷೆಯಲ್ಲಿ ಹೀಗೆ, ಹೀಗಲ್ಲ ಎಂದು ಕಣ್ಣು ಕೆಡಿಸಿಕೊಂಡವಳು ನಾನು. ನನ್ನ ಎದುರಿಗೇ ಒಬ್ಬ ಮನುಷ್ಯ ಒಂದು ಪದದ ಕುತ್ತಿಗೆ ಹಿಸುಕಿದರೆ ಸಿಟ್ಟು ಬಾರದೆ ಮತ್ತೇನು ಬರಬೇಕು?

ನಮ್ಮದು ನಿಘಂಟು ಕಚೇರಿ. ಕೆಳಗೆ ಅಚ್ಚುಕೂಟ, ಅದರ ಮೇಲೆ ಕಾಗದದ ಗೋದಾಮು, ಅದರ ಮೇಲೆ ನಾವು. ನಲವತ್ತೆರಡು ಮೆಟ್ಟಿಲು, ಲಿಫ್ಟಿಲ್ಲ. ಅಚ್ಚಿನ ಯಂತ್ರ ಓಡುವಾಗ ಮೇಜಿನ ಮೇಲಿನ ನೀರಿನ ಲೋಟ ತಾನಾಗಿಯೇ ಅಂಚಿನ ಕಡೆ ಸರಿಯುತ್ತದೆ. ಹೊಸಬರು ಬೆಚ್ಚಿಬೀಳುತ್ತಾರೆ, ನಾವು ತಲೆ ಎತ್ತದೆಯೇ ಕೈ ಚಾಚಿ ಹಿಂದಕ್ಕೆ ಎಳೆದಿಡುತ್ತೇವೆ. ಕಾರ್ಡು ಬರೆಯುವವರು ನಾಲ್ಕು ಜನ ಹೆಂಗಸರು, ನಾಲ್ವರೂ ತಾತ್ಕಾಲಿಕ. ನಾನು ಎರಡನೇ ಮೇಜು.

ಪ್ರಧಾನ ಸಂಪಾದಕಿ ದೊಡ್ಡಮ್ಮ. ಯಾರಿಗೂ ಅವರು ದೊಡ್ಡಮ್ಮ ಆಗಬೇಕಾಗಿಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮನೇ. ಇಪ್ಪತ್ತಾರು ವರ್ಷದ ಹಿಂದೆ ಒಂದು ಬೀರು, ಒಂದು ಮರದ ಕುರ್ಚಿ ಇಟ್ಟುಕೊಂಡು ಎ ಅಕ್ಷರದಿಂದ ಒಬ್ಬರೇ ಶುರುಮಾಡಿದವರು. ಈಗ ಹದಿನಾಲ್ಕು ಬೀರು ತುಂಬಿವೆ, ಯು ಅಕ್ಷರಕ್ಕೆ ಬಂದಿದ್ದೇವೆ. ಮೊದಲ ಬೀರುವಿನ ಮೊದಲ ಖಾನೆಯಲ್ಲಿ, ಎ ಅಕ್ಷರದ ಕಾರ್ಡುಗಳಿಗೂ ಮುಂಚೆ, ಒಂದು ಕಾರ್ಡಿದೆ. ಮೇಲೆ 'ಮೊದಲ ಪುಟ' ಎಂದಿದೆ, ಕೆಳಗೆ 'ಸಂಪಾದಕರು' ಎಂದು ಬರೆದು ಪಕ್ಕದಲ್ಲಿ ಅವರ ಹೆಸರು, ಪೆನ್ಸಿಲ್ಲಿನಲ್ಲಿ. ಇದೊಂದನ್ನಾದರೂ ಶಾಯಿಯಲ್ಲಿ ಬರೆಯಬಾರದೇ ಎಂದು ಒಮ್ಮೆ ಕೇಳಿದ್ದೆ.

"ಅಚ್ಚಾಗೋವರೆಗೂ ಏನೂ ಗಟ್ಟಿ ಅಲ್ಲ ಕಣೇ," ಅಂದಿದ್ದರು. "ಪೆನ್ಸಿಲ್ಲೇ ಇರ್ಲಿ."

ಆ ದೊಡ್ಡಮ್ಮ ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂರು ತಿಂಗಳಲ್ಲಿ ಬರುತ್ತೇನೆ, ನನ್ನ ಕನ್ನಡಕದ ಪೆಟ್ಟಿಗೆ ಮೇಜಿನ ಮೇಲೇ ಇರಲಿ ಎಂದು ಆಸ್ಪತ್ರೆಯಿಂದ ಹೇಳಿಕಳಿಸಿದರು. ಉಪಸಂಪಾದಕನಾಗಿದ್ದವನು ಇನ್‌ಚಾರ್ಜ್ ಆದ. ಅವನನ್ನು ನಾವು ಕೋಟು ಎನ್ನುತ್ತೇವೆ, ಎದುರಿಗಲ್ಲ. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿದ್ದರೂ ಆ ಕಂದು ಕೋಟನ್ನು ತೆಗೆದವನಲ್ಲ.

ಕೋಟು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ನನಗೆ ಮೈಯೆಲ್ಲ ಉರಿಯುವುದು ಅದಕ್ಕೇ. ಜಗಳಕ್ಕೆ ಬಂದವನ ಜತೆ ಜಗಳ ಆಡಬಹುದು, ಬೆಣ್ಣೆಯಂಥ ಮಾತಿನವನ ಜತೆ ಏನು ಆಡುವುದು? ಮೊದಲ ವಾರ ದೊಡ್ಡಮ್ಮನ ಟೇಬಲ್ ಫ್ಯಾನು ತನ್ನ ಕಡೆ ತಿರುಗಿಸಿಕೊಂಡ. "ಸುಮ್ನೆ ಇರೋದಲ್ವಾ ಮೇಡಂ, ಸ್ವಲ್ಪ ಬಳಸ್ಕೋತೀನಿ." ಎರಡನೇ ತಿಂಗಳು ಅವರ ಕೋಣೆ, ಫೋನು ಅಲ್ಲೇ ಇದೆಯಂತೆ, ಎದ್ದು ಓಡಾಡುವುದು ಕಷ್ಟವಂತೆ. ಐದನೇ ತಿಂಗಳು ಮರದ ಕುರ್ಚಿ ಕಿರುಗುಟ್ಟುತ್ತದೆ ಎಂದು ಅದನ್ನು ಕೆಳಗೆ ಅಚ್ಚುಕೂಟಕ್ಕೆ ಸಾಗಿಸಿ ಚಕ್ರದ ಕುರ್ಚಿ ತರಿಸಿದ. ಬೈಂಡಿಂಗಿನವರು ದೊಡ್ಡಮ್ಮನ ಕುರ್ಚಿಯ ಮೇಲೆ ಅಂಟಿನ ಡಬ್ಬ ಇಟ್ಟುಕೊಂಡರು. ಎಂಟನೇ ತಿಂಗಳು ನೋಡುತ್ತೇನೆ, ಕನ್ನಡಕದ ಪೆಟ್ಟಿಗೆಯ ತುಂಬ ಇವನ ಗುಂಡುಪಿನ್ನು. ನಾನು ಕೇಳಿಯೇಬಿಟ್ಟೆ, ಇದನ್ನೂ ಬಿಡಲಿಲ್ಲವಾ ಸಾರ್ ಎಂದು. "ಬಳಸಿದ್ರೆ ಸವೆದುಹೋಗುತ್ತಾ ಮೇಡಂ?" ಎಂದು ನಕ್ಕ.

ಇಲ್ಲಿ ನಮ್ಮ ಕಚೇರಿಯ ಒಂದು ನಿಯಮ ಹೇಳಬೇಕು. ಯಾವ ಹುದ್ದೆಯಲ್ಲಿ ಯಾರು ಒಂದು ವರ್ಷ ಎಡೆಬಿಡದೆ ಕೆಲಸ ಮಾಡುತ್ತಾರೋ ಆ ಹುದ್ದೆ ಅವರಿಗೆ ಖಾಯಂ. ನಡುವೆ ಸತತವಾಗಿ ಮೂರು ದಿನ ತಡೆ ಬಿದ್ದರೆ ಎಣಿಕೆ ಮತ್ತೆ ಒಂದರಿಂದ. ಇದಕ್ಕೆ ಸಾಕ್ಷಿ ಹಾಜರಿ ಪುಸ್ತಕ. ಆ ಪುಸ್ತಕದಲ್ಲಿ ಜನರ ಹೆಸರಿಲ್ಲ, ಹುದ್ದೆಯ ಹೆಸರಿದೆ: ಒಂದು ಹುದ್ದೆಗೆ ಒಂದು ಸಾಲು, ಒಂದು ದಿನಕ್ಕೆ ಒಂದು ಚೌಕ ಮನೆ. ಆ ಮನೆಯಲ್ಲಿ ಯಾರ ಸಹಿ ಬಿತ್ತೋ ಆ ದಿನ ಹುದ್ದೆ ಅವರದು. ಪುಸ್ತಕ ಇರುವುದು ಮೇಲೆ ಅಲ್ಲ, ಮೆಟ್ಟಿಲ ಬುಡದಲ್ಲಿ, ವಾಚ್‌ಮನ್ ಮೇಜಿನ ಮೇಲೆ.

ನಮ್ಮಂಥ ತಾತ್ಕಾಲಿಕದವರಿಗೆ ಈ ನಿಯಮವೇ ಕುತ್ತಿಗೆಗೆ ಉರುಳು. ನಮ್ಮ ವರ್ಷ ಎಲ್ಲಿ ತುಂಬಿಬಿಡುತ್ತದೋ ಎಂದು ಆರು ತಿಂಗಳಿಗೊಮ್ಮೆ ಮೇಲಿನಿಂದ ಚೀಟಿ ಬರುತ್ತದೆ: ಮೂರು ದಿನ ಕೆಲಸಕ್ಕೆ ಬರತಕ್ಕದ್ದಲ್ಲ. ವಾಚ್‌ಮನ್ ನನ್ನ ಸಾಲಿನಲ್ಲಿ ಮೂರು ಮನೆಗೆ ಅಡ್ಡಲಾಗಿ ಕೆಂಪು ಗೆರೆ ಎಳೆಯುತ್ತಾನೆ, ಪಾಪ, ಸ್ಕೇಲು ಇಟ್ಟು ನೀಟಾಗಿ. ನಾಲ್ಕನೇ ದಿನ ಅದೇ ಮೇಜು, ಅದೇ ಲೋಟ, ನಾನು ಮಾತ್ರ ಹೊಸಬಳು. ಹೀಗೆ ಇಪ್ಪತ್ತೆರಡು ಸಲ ಹೊಸಬಳಾಗಿದ್ದೇನೆ.

ಹೀಗಿರುವಾಗ ಒಂದು ದಿನ ನನ್ನ ಪಾಲಿಗೆ ಬಂದ ಪದ 'ಯುಸರ್ಪ್'. ಕ್ರಿಯಾಪದ. ಇನ್ನೊಬ್ಬರ ಅಧಿಕಾರವನ್ನೋ ಸ್ಥಾನವನ್ನೋ ಹಕ್ಕಿಲ್ಲದೆ ಕಬಳಿಸುವುದು, ಎಂದು ಬರೆದೆ. ಬೀರುವಿನಲ್ಲಿ ಅದೇ ಪದದ ಮೇಲೆ ದೊಡ್ಡಮ್ಮ ಹಿಂದೆಂದೋ ಬರೆದಿಟ್ಟ ಟಿಪ್ಪಣಿಯೂ ಸಿಕ್ಕಿತು, ಅವರ ದುಂಡಗಿನ ಅಕ್ಷರದಲ್ಲಿ. ಪದ ಲ್ಯಾಟಿನ್ನಿನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ಲ್ಯಾಟಿನ್ನಿನಲ್ಲಿ 'ಊಸುಸ್' ಎಂದರೆ ಬಳಕೆ, 'ರಾಪೆರೆ' ಎಂದರೆ ಕಸಿದುಕೊಳ್ಳುವುದು. ಬಹುಶಃ ಇವೆರಡೂ ಸೇರಿ ಆದದ್ದು. ಅಂದರೆ ಕತ್ತಿ ಹಿಡಿದು ನುಗ್ಗುವುದೇ ಆಗಬೇಕಿಲ್ಲ. ಬಳಸಿ ಬಳಸಿ ತನ್ನದು ಮಾಡಿಕೊಳ್ಳುವುದು.

ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು. ಬಳಸಿದ್ರೆ ಸವೆದುಹೋಗುತ್ತಾ ಮೇಡಂ! ನಮ್ಮ ಕೋಟಿಗೆ ಇದಕ್ಕಿಂತ ಚೆನ್ನಾಗಿ ಪದದ ಹುಟ್ಟನ್ನು ಹೇಳಲು ಸಾಧ್ಯವಿರಲಿಲ್ಲ. ಟಿಪ್ಪಣಿಯ ಸಾರವನ್ನು ನನ್ನ ಕಾರ್ಡಿಗೆ ಇಳಿಸಿ, ಒಪ್ಪಿಗೆಗೆ ಕೋಣೆಯೊಳಗೆ ಕಳಿಸಿದೆ.

ಒಂದು ಗಂಟೆಯಲ್ಲಿ ಕಾರ್ಡು ವಾಪಸು ಬಂತು. 'ಹಕ್ಕಿಲ್ಲದೆ ಕಬಳಿಸುವುದು' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ 'ಅಧಿಕಾರ ವಹಿಸಿಕೊಳ್ಳುವುದು' ಎಂದು ಬರೆದಿತ್ತು. ಪದದ ಹುಟ್ಟಿನ ಸಾಲುಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಗೆರೆ. ಪಕ್ಕದಲ್ಲಿ: ಅರ್ಥ ಸಾಕು, ಹುಟ್ಟು ಬೇಡ.

ನಾನು ಎದ್ದು ಸೀದಾ ಕೋಣೆಗೆ ಹೋದೆ.

"ಸಾರ್, ಇದು ಸುಳ್ಳು. ವಹಿಸಿಕೊಳ್ಳೋದು ಬೇರೆ, ಕಿತ್ಕೊಳ್ಳೋದು ಬೇರೆ."

ಕೋಟು ಚಕ್ರದ ಕುರ್ಚಿಯನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದ. "ಓದೋರಿಗೆ ಸುಲಭ ಇರ್ಲಿ ಮೇಡಂ. ಕಬಳಿಸೋದು ಅಂದ್ರೆ ಒರಟು ಮಾತು, ಅಲ್ವಾ? ಮಕ್ಕಳೂ ನೋಡೋ ನಿಘಂಟು."

"ಒರಟು ಕೆಲಸಕ್ಕೆ ನಯವಾದ ಮಾತು ಎಲ್ಲಿಂದ ತರ್ಲಿ ಸಾರ್?"

"ನಿಮ್ಮ ಮುಂದಿನ ಚೀಟಿ ಬರೋ ಸಮಯ ಅಲ್ವಾ," ಎಂದ, ಮೊದಲಿನಷ್ಟೇ ಮೆತ್ತಗೆ. "ಮೂರು ದಿನ ಮನೇಲಿ ವಿಶ್ರಾಂತಿ ತಗೊಳ್ಳಿ. ತಲೆ ತಣ್ಣಗಾಗುತ್ತೆ."

ಪಿತ್ತ ನೆತ್ತಿಗೇರಿತು. ಮಾತಾಡಿದರೆ ಬಾಯಿಂದ ಏನು ಬೀಳುತ್ತದೋ ಎಂದು ಹೊರಗೆ ಬಂದೆ. ಎ ಅಕ್ಷರದಲ್ಲಿ ಇದಕ್ಕೆ ಹತ್ತಿರದ ಪದ ಒಂದಿದೆ, 'ಆರೊಗೇಟ್'. ದೊಡ್ಡಮ್ಮ ಅದಕ್ಕೆ ಏನು ಬರೆದಿದ್ದಾರೆ ಎಂದು ನೋಡಿ ಅದನ್ನೇ ಅವನ ಮುಖಕ್ಕೆ ಹಿಡಿಯೋಣವೆಂದು ಮೊದಲ ಬೀರು ತೆಗೆದೆ. ಖಾನೆ ಎಳೆದ ಕೂಡಲೇ ಮುಂದಿನ ಕಾರ್ಡು ಕಂಡಿತು. ಮೊದಲ ಪುಟ. ಸಂಪಾದಕರು. ಪಕ್ಕದಲ್ಲಿ ಕೋಟಿನ ಹೆಸರು, ಶಾಯಿಯಲ್ಲಿ. ಕಾರ್ಡನ್ನು ಓರೆಯಾಗಿ ಬೆಳಕಿಗೆ ಹಿಡಿದೆ. ಅದರಡಿಯಲ್ಲಿ ದೊಡ್ಡಮ್ಮನ ಪೆನ್ಸಿಲ್ಲು ಒತ್ತಿದ ಗುಳಿ ಇನ್ನೂ ಇತ್ತು.

ಆಗ ನಾನು ಕ್ಯಾಲೆಂಡರಿನ ಮುಂದೆ ನಿಂತು ಎಣಿಸಿದೆ. ಕೋಟು ಪ್ರಧಾನ ಸಂಪಾದಕರ ಸಾಲಿನಲ್ಲಿ ಸಹಿ ಹಾಕತೊಡಗಿ ವರ್ಷ ತುಂಬಲು ಇನ್ನು ಹದಿನಾರು ದಿನ. ಒಂದು ದಿನವೂ ರಜೆ ಹಾಕಿದವನಲ್ಲ. ಜ್ವರ ಬಂದಾಗಲೂ ಬಂದು ಸಹಿ ಹಾಕಿ ಕೋಣೆಯಲ್ಲಿ ಮುದುಡಿಕೊಂಡಿದ್ದ. ಆಗ ನಾವು ಅಯ್ಯೋ ಪಾಪ ಎಂದಿದ್ದೆವು. ನಮ್ಮ ಬುದ್ಧಿಗಿಷ್ಟು!

ನಮ್ಮ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ತಡೆಯ ಮೂರು ದಿನ ನಾನು ಅವರ ಪಕ್ಕದಲ್ಲಿ ಕೂತು ಅಂಗಿಗಳಿಗೆ ಕಾಜ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ಬಂದ ಚೀಟಿಗಳನ್ನೆಲ್ಲ ಅವರ ಗುಂಡಿಯ ಡಬ್ಬದಲ್ಲೇ ಹಾಕಿಟ್ಟಿದ್ದೇನೆ. ಆ ಸಂಜೆ ನಾನು ಅಂಗಡಿಯಲ್ಲಿ ನಿಂತೇ ಎಲ್ಲವನ್ನೂ ಒದರಿದೆ. ಅವರು ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಒಂದು ಕಾಲರು ಮಡಿಸುತ್ತಾ ಕೇಳಿದರು.

"ನಿನ್ನ ವನವಾಸ ಯಾವತ್ತು?" ಎಂದರು ಪಿನ್ನು ತೆಗೆದು.

"ಮುಂದಿನ ವಾರ ಚೀಟಿ ಬರುತ್ತೆ. ನಾನು ಏನು ಹೇಳ್ತಿದ್ದೀನಿ, ನೀವು ಏನು ಕೇಳ್ತಿದ್ದೀರಿ?"

"ಅಲ್ವೇ, ನಿನಗೆ ಮೂರು ದಿನ ತಡೆ ಹಾಕೋರು ಇದ್ದಾರೆ. ಅವನಿಗೆ ಹಾಕೋರು ಯಾರು?"

"ಅವನಿಗೆ ಯಾರು ಹಾಕ್ತಾರೆ ರೀ? ಅವನೇ ಎಲ್ಲರಿಗೂ ಹಾಕೋನು."

"ಹಾಗಾದ್ರೆ ಆ ಕುರ್ಚಿ ಯಾರದೋ ಅವರೇ ಬಂದು ಹಾಕ್ಬೇಕು," ಎಂದು ಮತ್ತೆ ಹೊಲಿಗೆಗೆ ಬಗ್ಗಿದರು. ನಾನು ಡಬ್ಬದಿಂದ ಒಂದು ಗುಂಡಿ ಹೆಕ್ಕಿಕೊಡುವಾಗ ಹೇಳಿದರು, "ಅದಿರ್ಲಿ, ಇಷ್ಟು ಚೀಟಿ ಕೂಡಿಟ್ಟಿದ್ದೀಯಲ್ಲ, ಕೆಳಗೆ ಯಾರ ಸಹಿ ಇದೆ ಅಂತ ಯಾವತ್ತಾದ್ರೂ ನೋಡಿದ್ದೀಯಾ?"

"ನಿಯಮದ ಚೀಟಿ. ಯಾರ ಸಹಿ ಇದ್ರೇನು?" ಎಂದು ಡಬ್ಬದ ಮುಚ್ಚಳ ಒತ್ತಿದೆ.

ಭಾನುವಾರ ದೊಡ್ಡಮ್ಮನ ಮನೆಗೆ ಹೋದೆ. ಊರುಗೋಲಿನ ಚೌಕಟ್ಟು ಹಿಡಿದು ಕಿಟಕಿಯವರೆಗೆ ಬಂದರು. ಮೊದಲಿದ್ದುದರ ಅರ್ಧದಷ್ಟಾಗಿದ್ದರು. ಅವರ ಟಿಪ್ಪಣಿ ಕಾರ್ಡನ್ನು ಅವರ ಕೈಗೇ ಕೊಟ್ಟು, ಕೆಳಗಿನ ಭಾಗ ಓದಿ ಎಂದೆ. ಅಲ್ಲಿ ಅವರು ರೋಮನ್ನರ ಹಳೆಯ ಕಾನೂನಿನ ಒಂದು ಮಾತು ಬರೆದಿದ್ದರು. ಹೆಂಡತಿ ಒಂದು ವರ್ಷ ಎಡೆಬಿಡದೆ ಗಂಡನ ಮನೆಯಲ್ಲಿದ್ದರೆ, ಸಾಮಾನು ಬಳಸಿ ಬಳಸಿ ಸ್ವಂತವಾಗುವ ಹಾಗೆ, ಅವಳು ಅವನ ಅಧೀನಕ್ಕೆ ಸೇರಿಬಿಡುತ್ತಿದ್ದಳು. ಅದು ಬೇಡವೆಂದರೆ ಅವಳು ವರ್ಷಕ್ಕೆ ಮೂರು ರಾತ್ರಿ ಬೇರೆ ಕಡೆ ಇದ್ದು ಬರಬೇಕಿತ್ತು. ಬಳಕೆ ಮುರಿಯುತ್ತಿತ್ತು, ಎಣಿಕೆ ಮತ್ತೆ ಒಂದರಿಂದ. ಆ ಮುರಿಯುವಿಕೆಗೂ ಲ್ಯಾಟಿನ್ನಿನಲ್ಲಿ ಇದೇ ಪದದ ಮನೆತನದ ಹೆಸರು.

"ನಾನೇ ಬರೆದದ್ದು," ಎಂದರು ದೊಡ್ಡಮ್ಮ. "ಮರೆತೇ ಹೋಗಿತ್ತು."

"ಆ ಹೆಂಗಸು ಮೂರು ರಾತ್ರಿ ಹೊರಗಿದ್ದಳು. ನೀವು ಮೂರು ದಿನ ಬಂದು ನಿಮ್ಮ ಸಾಲಿನಲ್ಲಿ ಸಹಿ ಹಾಕಿದ್ರೆ ಸಾಕು. ಅವನ ವರ್ಷ ಮುರೀತು."

"ಬಿಡೇ ಅತ್ಲಾಗೆ. ಅವನಿಗೂ ಕೆಲಸ ಗೊತ್ತು. ನಿಘಂಟು ಹೊರಗೆ ಬಂದ್ರೆ ಸಾಕು. ಆ ಮೆಟ್ಟಿಲು ನನ್ನಿಂದ ಹತ್ತೋಕಾಗುತ್ತಾ?"

ಹೇಳಬಾರದು ಎಂದುಕೊಂಡಿದ್ದೆ, ಆದರೆ ಬಾಯಿ ಸುಮ್ಮನಿರಲಿಲ್ಲ. ಮೊದಲ ಖಾನೆಯ ಕಾರ್ಡಿನ ವಿಷಯ ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಟಿಪ್ಪಣಿಯನ್ನು ಕಿಟಕಿಯ ಅಂಚಿನ ಮೇಲಿಟ್ಟರು.

"ಪೂರ್ತಿ ಅಳಿಸಿದಾನಾ?"

"ಗುಳಿ ಕಾಣುತ್ತೆ ಅಮ್ಮ. ನೀವು ಒತ್ತಿ ಬರೆದಿದ್ರಿ."

"ಇಪ್ಪತ್ತಾರು ವರ್ಷ," ಎಂದರು. "ನನ್ನ ಮದುವೆ ಮಾತು ಬಂದಾಗ ಬಿ ಅಕ್ಷರ ಮುಗೀಲಿ ಅಂದೆ. ನನ್ನ ಅಪ್ಪ ಹೋದಾಗ ಎಚ್ ಅಕ್ಷರದಲ್ಲಿದ್ದೆ. ರಬ್ಬರು ತಗೊಂಡು ಉಜ್ಜಿಬಿಟ್ನಾ?"

"ಅಮ್ಮ, ಮೆಟ್ಟಿಲು ಹತ್ತಬೇಕಾಗಿಲ್ಲ. ಹಾಜರಿ ಪುಸ್ತಕ ಕೆಳಗೇ ಇದೆಯಲ್ಲ."

ಸೋಮವಾರ ಒಂಬತ್ತು ಗಂಟೆಗೆ ಬಾಡಿಗೆ ಕಾರಿನಲ್ಲಿ ದೊಡ್ಡಮ್ಮನನ್ನು ಕರೆತಂದೆ. ಅಚ್ಚುಕೂಟದವರು ಮರದ ಕುರ್ಚಿಯಿಂದ ಅಂಟನ್ನು ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ವಾಚ್‌ಮನ್ ಮೇಜಿನ ಪಕ್ಕ ಇಟ್ಟಿದ್ದರು. ಒಂಬತ್ತೂವರೆಗೆ ವಾಚ್‌ಮನ್ ಪುಸ್ತಕ ತೆರೆದ. ದೊಡ್ಡಮ್ಮ ಪ್ರಧಾನ ಸಂಪಾದಕರ ಸಾಲಿನಲ್ಲಿ ಸಹಿ ಹಾಕಿದರು. ಸಹಿಯ ಕೊನೆಯ ಅಕ್ಷರ ಪಕ್ಕದ ಮನೆಗೂ ಸ್ವಲ್ಪ ಚಾಚಿತು.

ಕೋಟು ಹತ್ತಕ್ಕೆ ಬಂದ. ಆ ದಿನದ ಮನೆಯಲ್ಲಿ ಸಹಿ ಬಿದ್ದಿರುವುದನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿಕೊಂಡ.

"ಮೇಡಂ! ಈ ಸ್ಥಿತೀಲಿ ನೀವು ಯಾಕೆ ಬರೋಕೆ ಹೋದ್ರಿ? ನಾನಿದ್ದೀನಲ್ಲ."

"ನೀವು ಇದ್ದೀರಿ ಅಂತಾನೇ ಬಂದೆ," ಎಂದರು ದೊಡ್ಡಮ್ಮ.

ಅವನು ಮೇಲೆ ಹೋದ. ಮರುದಿನ ಒಂಬತ್ತಕ್ಕೂ ಮುಂಚೆಯೇ ಬಂದು ನಿಂತಿದ್ದ, ಕೈಯಲ್ಲಿ ಪೆನ್ನು ಹಿಡಿದು. ನಾವು ಒಳಗೆ ಬರುವಾಗ ಅವನು ವಾಚ್‌ಮನ್‌ಗೆ ಪುಸ್ತಕ ತೆಗಿ ಎನ್ನುತ್ತಿದ್ದ.

"ಒಂಬತ್ತೂವರೆಗೇ ತೆಗೀಬೇಕು ಸಾರ್," ಎಂದ ವಾಚ್‌ಮನ್, ಗೋಡೆಯ ಮೇಲಿನ ಕಾಗದ ತೋರಿಸಿ. "ನೀವೇ ಆರ್ಡರ್ ಹಾಕಿದ್ದು. ಯಾರಿಗೂ ವಿನಾಯಿತಿ ಇಲ್ಲ ಅಂತ ಬರ್ದಿದ್ದೀರಿ."

ಒಂಬತ್ತೂವರೆಗೆ ಪುಸ್ತಕ ತೆರೆದಾಗ ಅದು ದೊಡ್ಡಮ್ಮನ ಮೊಣಕೈಯ ಕೆಳಗಿತ್ತು. ಸುತ್ತ ಅಚ್ಚುಕೂಟದವರು, ನಾವು ನಾಲ್ವರು. ಅವರ ಕೈಯಿಂದ ಪುಸ್ತಕ ಎಳೆದುಕೊಳ್ಳಬೇಕಾದರೆ ಎಲ್ಲರ ಎದುರಿಗೆ ಎಳೆಯಬೇಕಿತ್ತು. ಸದ್ದಿಲ್ಲದೆ ಬಳಸಿಕೊಳ್ಳುವುದು ಗೊತ್ತಿದ್ದವನಿಗೆ ಕಿತ್ತುಕೊಳ್ಳುವ ಧೈರ್ಯ ಎಲ್ಲಿತ್ತು? ಪೆನ್ನನ್ನು ಕೋಟಿನ ಜೇಬಿಗೆ ಇಳಿಸಿದ.

ಮೂರನೇ ದಿನದ ಸಹಿಯೂ ದೊಡ್ಡಮ್ಮನದೇ. ಹನ್ನೊಂದು ಗಂಟೆಗೆ ಕೋಣೆಯಿಂದ ಲಿಖಿತ ಆದೇಶ ಬಂತು: ಕೆಲಸದ ವೇಳೆಯಲ್ಲಿ ಯಾರೂ ಮಹಡಿ ಬಿಟ್ಟು ಕೆಳಗೆ ಹೋಗಕೂಡದು. ನಾನು ಅದನ್ನು ಎರಡು ಸಲ ಓದಿದೆ. ಮಡಿಸಿ ಲೋಟದ ಕೆಳಗಿಟ್ಟೆ. ನನ್ನ ಕಾರ್ಡಿನ ಟ್ರೇ ಎತ್ತಿಕೊಂಡು ನಲವತ್ತೆರಡು ಮೆಟ್ಟಿಲು ಇಳಿದೆ. ಹಿಂದೆ ಕಾಲಿನ ಸದ್ದು ಕೇಳಿ ತಿರುಗಿದರೆ ಮೂವರೂ ಟ್ರೇ ಹೊತ್ತು ಬರುತ್ತಿದ್ದರು. ಕೆಳಗಿನ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತೆವು. ದೊಡ್ಡಮ್ಮ ಒಂದೊಂದೇ ಕಾರ್ಡು ಕೇಳಿ ತಗೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಇದು ಸರಿ, ಇದು ಸರಿಯಿಲ್ಲ, ಈ ಪದಕ್ಕೆ ಪ್ರಾಣವೇ ಇಲ್ಲವಲ್ಲೇ, ಎನ್ನುತ್ತಾ ಹೋದರು. ಹನ್ನೊಂದು ತಿಂಗಳಲ್ಲಿ ಆಗದಷ್ಟು ಕೆಲಸ ಆ ದಿನ ಆಯಿತು. 'ಯುಸರ್ಪ್' ಕಾರ್ಡು ಬಂದಾಗ ಅವರು ಕೆಂಪು ಗೆರೆಯ ಪಕ್ಕ ಒಂದೇ ಮಾತು ಬರೆದರು: ಹುಟ್ಟು ಬೇಕು.

ಅಲ್ಲಿಗೆ ಕೋಟಿನ ವರ್ಷ ಮುರಿಯಿತು. ಗುರುವಾರ ಅವನು ಏನೂ ಆಗಿಲ್ಲವೆಂಬಂತೆ ಉಪಸಂಪಾದಕರ ಸಾಲಿನಲ್ಲಿ ಸಹಿ ಹಾಕಿದ. "ಬಳಸ್ಕೊಂಡಿದ್ದೆ ಅಷ್ಟೇ ಮೇಡಂ, ಜೋಪಾನವಾಗಿ ವಾಪಸ್ ಕೊಟ್ಟಿದ್ದೀನಿ," ಎಂದು ದೊಡ್ಡಮ್ಮನಿಗೆ ಹೇಳಿ, ಕನ್ನಡಕದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಒಳಗೆ ಎರಡು ಗುಂಡುಪಿನ್ನು ಇನ್ನೂ ಇದ್ದವು. ನಾನು ಮೊದಲ ಖಾನೆಗೆ ಹೊಸ ಕಾರ್ಡು ತಂದುಕೊಟ್ಟೆ. ದೊಡ್ಡಮ್ಮ ಮತ್ತೆ ಪೆನ್ಸಿಲ್ಲಿನಲ್ಲೇ ಬರೆದರು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನನಗೆ ಬಹಳ ಸಂತೋಷವಾಗಿತ್ತು.

ಸಂತೋಷ ಸಂಜೆಯವರೆಗೆ ಇತ್ತು. ಐದು ಗಂಟೆಗೆ ನಾನು ಹೊರಡುವಾಗ ವಾಚ್‌ಮನ್ ನನ್ನ ಮುಖ ನೋಡದೆ ಒಂದು ಚೀಟಿ ಚಾಚಿದ. ಕಾರ್ಡು ಬರಹ, ಎರಡನೇ ಮೇಜು, ನಾಳೆಯಿಂದ ಮೂರು ದಿನ ಕೆಲಸಕ್ಕೆ ಬರತಕ್ಕದ್ದಲ್ಲ. ಕೆಳಗೆ ದುಂಡಗಿನ ಸಹಿ, ಕೊನೆಯ ಅಕ್ಷರ ನಡುಗಿ ಉದ್ದಕ್ಕೆ ಚಾಚಿತ್ತು. ಶಾಯಿ ಇನ್ನೂ ಪೂರ್ತಿ ಆರಿರಲಿಲ್ಲ.

ದೊಡ್ಡಮ್ಮ ಕಾರಿಗಾಗಿ ಕಾಯುತ್ತಾ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು.

"ಇದೇನಮ್ಮ?" ಎಂದೆ.

"ಫೈಲ್ ಬಂದಿತ್ತು ಕಣೇ. ನಿಯಮ ಅಲ್ವಾ. ಆರು ತಿಂಗಳಿಗೊಂದು ಬರುತ್ತೆ, ಸಹಿ ಮಾಡ್ತೀನಿ. ಯಾವತ್ತೂ ಹಾಗೇ ತಾನೇ?" ಅವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

"ನಿಮಗೆ ಹನ್ನೊಂದು ತಿಂಗಳು ಅನ್ಯಾಯ ಆದದ್ದಕ್ಕೆ ನಾನು ನಿಮ್ಮನ್ನ ಕಾರಿನಲ್ಲಿ ಹೊತ್ತು ತಂದೆ. ನನಗೆ ಹನ್ನೊಂದೂವರೆ ವರ್ಷದಿಂದ ಆಗ್ತಿದೆ. ನಿಮ್ಮ ಕೈಯಿಂದ."

"ನಾನೇನು ಬೇಕು ಅಂತ ಮಾಡಿದ್ನಾ?"

"ಅವನೂ ಹಾಗೇ ಅಂದ ಅಮ್ಮ. ಬಳಸ್ಕೊಂಡಿದ್ದೆ ಅಷ್ಟೇ ಅಂತ."

ಕಾರು ಬಂತು. ನಾನು ಕೈ ಹಿಡಿದು ಕಾರಿಗೆ ಹತ್ತಿಸಿದೆ, ಬಾಗಿಲು ಹಾಕಿದೆ.

ಮನೆಯಲ್ಲಿ ಗುಂಡಿಯ ಡಬ್ಬವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿದೆ. ಯಜಮಾನರು ಯಂತ್ರ ನಿಲ್ಲಿಸಿದರು. ಚೀಟಿಗಳನ್ನು ಒಂದೊಂದೇ ಬಿಡಿಸಿ ಹರವಿದೆ. ಹಳೆಯ ಇಪ್ಪತ್ತೆರಡರಲ್ಲಿ ಒಂದಕ್ಕೆ ಮಾತ್ರ ಕೋಟಿನ ಸಹಿ. ಇಪ್ಪತ್ತೊಂದು ದೊಡ್ಡಮ್ಮನವು, ಮೊದಮೊದಲಿನವು ಮುತ್ತು ಪೋಣಿಸಿದ ಹಾಗೆ ಚೆಂದ. ಇದನ್ನು ನಾನು ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪದದ ಹುಟ್ಟು ಹುಡುಕಿ ಲ್ಯಾಟಿನ್ನಿನವರೆಗೆ ಹೋಗುವವಳು ನನ್ನ ಚೀಟಿಯ ಕೊನೆಯ ಸಾಲಿನವರೆಗೆ ಹೋಗಿರಲಿಲ್ಲ, ಅಷ್ಟೇ. ನನ್ನ ಮೇಲೂ ನನಗೆ ಸಿಟ್ಟು ಬಂತು.

"ನಾಳೆ ಬಿಳಿ ಅಂಗಿಗಳ ಕಾಜ ಇದೆ," ಎಂದರು ಯಜಮಾನರು ಮೆಲ್ಲಗೆ.

"ನೀವೇ ಹಾಕ್ಕೊಳ್ಳಿ," ಎಂದೆ. "ನನಗೆ ಕೆಲಸ ಇದೆ."

ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಮೆಟ್ಟಿಲ ಬುಡಕ್ಕೆ ಹೋದೆ. ದೊಡ್ಡಮ್ಮ ಆಗಲೇ ಬಂದು ಮರದ ಕುರ್ಚಿಯಲ್ಲಿ ಕೂತಿದ್ದರು. ಪುಸ್ತಕ ಅವರ ಮುಂದೆಯೇ ತೆರೆದಿತ್ತು. ನನ್ನ ಸಾಲಿನಲ್ಲಿ ಮೂರು ಮನೆಗೆ ಅಡ್ಡಲಾಗಿ ಕೆಂಪು ಗೆರೆ, ಸ್ಕೇಲು ಇಟ್ಟು ಎಳೆದದ್ದು. ವಾಚ್‌ಮನ್ ನನ್ನನ್ನು ಕಂಡವನೇ ಎದ್ದು, ಗೇಟಿನ ಬೀಗ ಸರಿಯಾಗಿದೆಯೇ ಎಂದು ನೋಡಲು ಹೋದ. ಹಗಲು ಹೊತ್ತು ಆ ಗೇಟಿಗೆ ಬೀಗವೇ ಹಾಕುವುದಿಲ್ಲ.

ನಾನು ಯಾರನ್ನೂ ಕೇಳಲಿಲ್ಲ. ಪೆನ್ನು ತೆಗೆದು ಬಗ್ಗಿದೆ. ದೊಡ್ಡಮ್ಮನ ಮೊಣಕೈ ಪುಸ್ತಕದ ಮೇಲಿತ್ತು, ಸರಿಯಾಗಿ ನನ್ನ ಸಾಲಿನ ಮೇಲೆ. ನಾನು ಕಾದೆ. ಒಳಗೆ ಅಚ್ಚಿನ ಯಂತ್ರ ಶುರುವಾಗಿ ಮೇಜು ನಡುಗತೊಡಗಿತು. ಅವರು ನನ್ನ ಮುಖ ನೋಡಿದರು, ಕೆಂಪು ಗೆರೆ ನೋಡಿದರು, ಕೊನೆಗೆ ಮೊಣಕೈ ತೆಗೆದರು.

ಸಹಿ ಹಾಕಿದೆ. ಕೆಂಪು ಶಾಯಿಯ ಮೇಲೆ ನೀಲಿ ಸರಿಯಾಗಿ ಹಿಡಿಯಲಿಲ್ಲ. ಅದರ ಮೇಲೇ ಇನ್ನೊಂದು ಸಲ ಒತ್ತಿ ಬರೆದೆ.

ಟ್ರೇ ತರಲು ಮೆಟ್ಟಿಲು ಹತ್ತುವಾಗ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು.

"ನಾಳೇನೂ ಹೊತ್ತಿಗೆ ಸರಿಯಾಗಿ ಬಾರೇ. ಇನ್ನೂ ಎರಡು ಮನೆ ಇವೆ."